ಕಲೆ ಬೀಳದ ತೋಳುಗಳು

ನನ್ನ ಕೈಗುಣವನ್ನು ಬೀದಿಗಟ್ಟಲೆ ಜನ ಹೊಗಳುತ್ತಿದ್ದ ಆ ಮೂರು ತಿಂಗಳು ನನ್ನ ಬದುಕಿನ ಬಲು ಸುಖದ ಕಾಲ. ಈಗ ನೆನೆದರೆ ನಾಚಿಕೆಯಿಂದ ಮೈಯೆಲ್ಲ ಮುದುಡುತ್ತದೆ. ಆದರೂ ಆಗ ಸುಖವಾಗಿರಲಿಲ್ಲ ಎಂದು ಸುಳ್ಳು ಹೇಳಲಾರೆ.

ಸಿಡುಬು ಇನ್ನೂ ಇದ್ದ ಕಾಲ ಅದು. ಆಸ್ಪತ್ರೆಯ ಆಪರೇಷನ್ ಕೋಣೆಯಲ್ಲಿ ಒಂಬತ್ತು ವರ್ಷ ದಾದಿಯಾಗಿದ್ದವಳು ನಾನು. ಮಗಳು ಶಾಲೆಗೆ ಹೋಗುವ ವಯಸ್ಸಿಗೆ ಬಂದಾಗ ಪಾಳಿ ಕೆಲಸ ಸಾಕೆನ್ನಿಸಿ ಆರೋಗ್ಯ ಕಚೇರಿಗೆ ಬಂದು ದಾಕು ಹಾಕುವ ಕೆಲಸಕ್ಕೆ ಸೇರಿದೆ. ಮಕ್ಕಳ ತೋಳಿಗೆ ಸಿಡುಬಿನ ಲಸಿಕೆ ಚುಚ್ಚುವುದಕ್ಕೆ ಆಗ ಜನ ಹಾಗೆ ಹೇಳುತ್ತಿದ್ದರು, ದಾಕು ಹಾಕುವುದು ಎಂದು. ಕಚೇರಿಯಲ್ಲಿ ಆ ಕೆಲಸಕ್ಕೆ ನಾವಿಬ್ಬರೇ. ಒಬ್ಬಳು ನಾನು, ಇನ್ನೊಬ್ಬರು ಇಪ್ಪತ್ತಾರು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದ ಹಿರಿಯರು. ತಾಯಂದಿರು ಅವರಿಗೆ ಇಟ್ಟಿದ್ದ ಹೆಸರು ಕೊಡಲಿ.

ಸುಮ್ಮಸುಮ್ಮನೆ ಇಟ್ಟ ಹೆಸರಲ್ಲ. ಹಿಂದೆಲ್ಲ ಅವರು ಹಲ್ಲಿದ್ದ ಪುಟ್ಟ ಬಿಲ್ಲೆಯೊಂದನ್ನು ಮಗುವಿನ ತೋಳಿಗೆ ಒತ್ತಿ ಗರಗರ ತಿರುಗಿಸುತ್ತಿದ್ದರಂತೆ. ಆ ಮಕ್ಕಳೆಲ್ಲ ಈಗ ಮದುವೆಯಾಗಿ ಮಕ್ಕಳನ್ನು ಹೆತ್ತಿದ್ದಾರೆ, ತೋಳಿನ ಮೇಲೆ ಮಾತ್ರ ಬಿಲ್ಲೆಯಗಲದ ಕಲೆ ಹಾಗೇ ಇದೆ. ಆಮೇಲೆ ತುದಿ ಕವಲೊಡೆದ ಸೂಜಿ ಬಂತು. ಅದನ್ನು ಲಸಿಕೆಯ ಸೀಸೆಯಲ್ಲಿ ಅದ್ದಿದರೆ ಎರಡು ಕವಲಿನ ನಡುವೆ ಒಂದೇ ತೊಟ್ಟು ನಿಲ್ಲುತ್ತದೆ. ಆ ತೊಟ್ಟಿನಿಂದ ತೋಳಿನ ಮೇಲೆ ಕಡಲೆಕಾಳಿನಷ್ಟು ಜಾಗದಲ್ಲಿ ಹದಿನೈದು ಸಲ ಪಟಪಟನೆ ಚುಚ್ಚಬೇಕು. ಸೂಜಿ ಬದಲಾದರೂ ಕೊಡಲಿಯವರ ಕೈ ಬದಲಾಗಲಿಲ್ಲ. ಅವರು ಚುಚ್ಚಿದರೆ ಸಣ್ಣಗೆ ರಕ್ತ ಒಸರಲೇಬೇಕು, ಮಗು ಬೀದಿಯ ತುದಿಗೆ ಕೇಳುವಂತೆ ಕಿರುಚಲೇಬೇಕು. ವಾರಕ್ಕೆ ಅಲ್ಲೊಂದು ಗುಳ್ಳೆ, ಕಂಕುಳಲ್ಲಿ ಗಂಟು, ಎರಡು ದಿನ ಜ್ವರ. ಮೂರನೆಯ ವಾರಕ್ಕೆ ಹಕ್ಕಳೆ ಉದುರಿ, ಸಾಯುವ ತನಕ ಹೋಗದ ಕಲೆ.

ಸಾಲದ್ದಕ್ಕೆ ಚುಚ್ಚುವ ಮೊದಲು ಅವರು ಪೊಲೀಸರ ಹಾಗೆ ಪ್ರಶ್ನೆ ಕೇಳುತ್ತಿದ್ದರು. ಮಗುವಿಗೆ ತುರಿಕೆ ಇದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ, ಯಾರ ಹಾಸಿಗೆಯಲ್ಲಿ ಮಲಗುತ್ತದೆ. ಅಷ್ಟು ಹೊತ್ತಿಗೆ ಅರ್ಧ ಸಾಲು ನನ್ನ ಮೇಜಿಗೆ ಬಂದು ಸೇರುತ್ತಿತ್ತು.

ನನ್ನದು ಸ್ವಚ್ಛ ಕೆಲಸ. ಮಗುವನ್ನು ಮಾತಿಗೆಳೆದು, ತೋಳನ್ನು ಸ್ಪಿರಿಟ್ಟಿನ ಹತ್ತಿಯಿಂದ ಫಳಫಳ ಒರೆಸಿ, ಆ ತಂಪು ಆರುವ ಮೊದಲೇ ಹಗುರವಾಗಿ ಚುಚ್ಚಿ ಮುಗಿಸುತ್ತಿದ್ದೆ. ರಕ್ತವಿಲ್ಲ, ಅಳುವಿಲ್ಲ. ಲಸಿಕೆಯ ಪೆಟ್ಟಿಗೆಯಲ್ಲಿ ಒಂದು ಚೀಟಿ ಇರುತ್ತಿತ್ತು: ತೋಳು ಕೊಳೆಯಾಗಿದ್ದರೆ ಬರೀ ನೀರಿನಲ್ಲಿ ತೊಳೆದು ಒರೆಸಿ, ಸ್ಪಿರಿಟ್ಟು ಬೇಡ ಎಂದು. ಓದಿದ್ದೆ. ಸ್ಪಿರಿಟ್ಟು ಉಳಿಸಲು ಯಾವನೋ ಜಿಪುಣ ಬರೆದದ್ದು ಎಂದುಕೊಂಡು ಚೀಟಿಯನ್ನು ಮಡಚಿ ಮೇಜಿನ ಕಾಲಿನಡಿ ಇಟ್ಟಿದ್ದೆ. ಮೇಜು ಅಲುಗಾಡುತ್ತಿತ್ತು.

ಒಂದು ತಿಂಗಳೊಳಗೆ ನನಗೂ ಹೆಸರು ಬಿತ್ತು, ಹೂಗೈ ಎಂದು. ನಾನು ಹಾಕಿದ ಮಕ್ಕಳಿಗೆ ಜ್ವರವಿಲ್ಲ, ಗುಳ್ಳೆಯಿಲ್ಲ, ಕಲೆಯಿಲ್ಲ. ಈ ಸುದ್ದಿಯನ್ನು ಹಬ್ಬಿಸಿದವಳು ನಮ್ಮ ಮನೆಯೆದುರಿನ ಲಾಂಡ್ರಿಯಾಕೆ. ಅವಳ ದೊಡ್ಡ ಮಗಳಿಗೆ ಆರು ವರ್ಷ, ಚಿಕ್ಕ ಗಂಡುಮಗುವಿಗೆ ಆಗ ಏಳು ತಿಂಗಳು. ಇಬ್ಬರಿಗೂ ನಾನೇ ಹಾಕಿದ್ದೆ. ಅಲ್ಲಿ ಬಟ್ಟೆ ಕೊಡಲು ಬಂದವರಿಗೆಲ್ಲ ಅವಳು ಮಡಿಸಿದ ಬಟ್ಟೆಯ ಜೊತೆಗೆ ನನ್ನ ಹೊಗಳಿಕೆಯನ್ನೂ ಕಟ್ಟಿ ಕಳಿಸುತ್ತಿದ್ದಳು. ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಏಳನೆಯ ದಿನ ಮನೆಮನೆಗೆ ಹೋಗಿ ಗುಳ್ಳೆ ಎದ್ದಿದೆಯೇ ಎಂದು ನೋಡಿ ಬರೆದುಕೊಳ್ಳಲು ಬೇರೆ ಗುಮಾಸ್ತನಿದ್ದ. ಆತ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡು ಮನೆಯಲ್ಲಿ ಕೂತಿದ್ದ. ಅವನ ಪುಸ್ತಕ ಮೂರು ತಿಂಗಳಿಂದ ಖಾಲಿ. ಒಂದು ಸಲ ಕೊಡಲಿಯವರೇ ಕೇಳಿದರು.

"ಏನಮ್ಮ, ನೀನು ಹಾಕಿದ್ದು ಎದ್ದಿದೆಯಾ, ನೋಡಿದ್ಯಾ?"

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಹುಣ್ಣು ಮಾಡಿದ್ರೆ ಮಾತ್ರ ಕೆಲಸ ಆಯ್ತು ಅಂತಾನಾ ಸಾರ್?" ಎಂದೆ. ಅವರು ಸೂಜಿಗಳನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಹೋದರು. ಪಾಪ, ಹೊಟ್ಟೆಕಿಚ್ಚು ಎಂದುಕೊಂಡೆ.

ಶಾಲೆ ಶುರುವಾಗುವ ಹೊತ್ತಿಗೆ ನನ್ನ ಹಣೆಬರಹ ಹೊಲಿಗೆ ಯಂತ್ರದ ಮುಂದೆ ತೆರೆಯಿತು. ನನ್ನ ಅಣ್ಣನ ಹೆಂಡತಿ, ಅಂದರೆ ಅತ್ತಿಗೆ, ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಐದು ವರ್ಷದ ನನ್ನ ಮಗಳು ಗುಬ್ಬಿಯನ್ನು ಅಳತೆಗೆಂದು ಕರೆದುಕೊಂಡು ಹೋಗಿದ್ದೆ. ಅತ್ತಿಗೆ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡಿದರು.

"ನಿನ್ನಿಂದ ನನಗೆ ಬಟ್ಟೆ ಉಳೀತಾ ಇದೆ ಕಣೇ."

"ನನ್ನಿಂದ? ಹೇಗೆ ಅತ್ತಿಗೆ?"

"ಕೊಡಲಿ ಹತ್ರ ಹೋದವರೆಲ್ಲ ಕಲೆ ಮುಚ್ಚೋ ಹಾಗೆ ಅಂಗಿ ತೋಳು ಮೊಣಕೈವರೆಗೆ ಇಡಿ ಅಂತಾರೆ. ನಿನ್ನ ಹತ್ರ ಬಂದವರಿಗೆ ಗಿಡ್ಡದೇ ಸಾಕು. ಅಳತೆ ತಗೊಳ್ಳೋವಾಗಲೇ ಗೊತ್ತಾಗತ್ತೆ ಯಾರು ಯಾರ ಕೈ ಅಂತ. ನೀನು ಹಾಕಿರೋ ಒಂದು ತೋಳಿನ ಮೇಲೂ ಚುಕ್ಕೆ ಇಲ್ಲ ನೋಡು."

"ಒಂದರ ಮೇಲೂ ಇಲ್ವಾ?"

"ನಲವತ್ತು ಮಕ್ಕಳನ್ನ ಅಳೆದಿದೀನಿ. ಒಂದರ ಮೇಲೂ ಇಲ್ಲ."

ಅತ್ತಿಗೆ ಹೊಗಳುತ್ತಿದ್ದರು. ನನಗೆ ಮಾತ್ರ ಆ ಲೆಕ್ಕ ಸರಿಬರಲಿಲ್ಲ. ಒಂಬತ್ತು ವರ್ಷ ಆಸ್ಪತ್ರೆಯಲ್ಲಿ ಕಳೆದವಳು ನಾನು. ಒಂದೇ ಮದ್ದು ನಲವತ್ತು ಮೈಗಳಲ್ಲಿ ಒಂದೇ ಥರ ನಡೆದುಕೊಂಡದ್ದನ್ನು ಯಾವತ್ತೂ ಕಂಡವಳಲ್ಲ. ಹಗುರವಾದ ಕೈಯೇ ಇರಲಿ, ನಲವತ್ತರಲ್ಲಿ ನಾಲ್ಕಾದರೂ ಕೆಂಪಗಾಗಬೇಕಿತ್ತು. ಸ್ಟೂಲಿನ ಮೇಲೆ ನಿಂತಿದ್ದ ಗುಬ್ಬಿಯ ತೋಳನ್ನು ಹಿಡಿದು ಬೆಳಕಿಗೆ ತಿರುಗಿಸಿದೆ. ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗಿತ್ತು.

ಅಳತೆ ಅರ್ಧಕ್ಕೇ ಬಿಟ್ಟು ಕಚೇರಿಗೆ ಓಡಿದೆ. ಕೊಡಲಿಯವರು ಹಿಂದಿನ ಕೋಣೆಯಲ್ಲಿ ಸೂಜಿಗಳನ್ನು ಕುದಿಸುತ್ತಿದ್ದರು. ನಾನು ಹೇಗೆ ಚುಚ್ಚುತ್ತೇನೆಂದು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಸ್ಪಿರಿಟ್ಟು ಎಂದ ಕೂಡಲೇ ಅವರು ಇಕ್ಕಳ ಕೆಳಗಿಟ್ಟರು.

"ಒರೆಸಿದ ಮೇಲೆ ಒಣಗೋಕೆ ಬಿಡ್ತಿದ್ಯಾ?"

"ಇಲ್ಲ. ತಂಪಿದ್ದಾಗ ಚುಚ್ಚಿದ್ರೆ ಮಕ್ಕಳಿಗೆ ಗೊತ್ತಾಗಲ್ಲ ಅಂತ..."

"ಆ ಸೀಸೆಯಲ್ಲಿರೋದು ಜೀವ ಇರೋ ವಸ್ತು ಕಣಮ್ಮ. ಅದು ತೋಳಲ್ಲಿ ಬೆಳೆದು ಗುಳ್ಳೆ ಎದ್ರೇನೇ ಮೈಗೆ ಸಿಡುಬಿನ ಗುರುತು ಸಿಗೋದು. ಸ್ಪಿರಿಟ್ಟು ಅದನ್ನ ತೋಳಿನ ಮೇಲೇ ಸಾಯಿಸ್ತು. ಆ ಜ್ವರ, ಆ ಗಂಟು, ಅವೇ ನಮ್ಮ ರಸೀತಿ. ನೀನು ಚುಚ್ಚಿದ್ದು ಬರೀ ನೀರು."

ಎಷ್ಟು ಮಕ್ಕಳು ಎಂದು ಅವರು ಕೇಳಿದರು. ಇನ್ನೂರ ಹನ್ನೆರಡು, ಗುಬ್ಬಿಯೂ ಸೇರಿ. ರೈಲಿನಲ್ಲಿ ಎರಡು ನಿಲ್ದಾಣದಾಚೆಯ ಊರಿನಲ್ಲಿ ಮೂವರಿಗೆ ಸಿಡುಬು ಎದ್ದಿದೆ ಎಂಬ ಸುದ್ದಿ ಆ ಬೆಳಿಗ್ಗೆ ತಾನೇ ಕಚೇರಿಗೆ ಬಂದಿತ್ತು.

ಅವರು ನನ್ನ ಪುಸ್ತಕ ತೆಗೆದು ಹೆಸರುಗಳ ಮೇಲೆ ಬೆರಳಾಡಿಸುತ್ತ ಹೋದರು. ಒಂದು ಕಡೆ ಬೆರಳು ನಿಂತಿತು.

"ಲಾಂಡ್ರಿಯ ಚಿಕ್ಕ ಮಗು. ಇದಕ್ಕೂ ಹಾಕಿದ್ಯಾ?"

"ಹಾಕಿದೆ."

"ಮೊಣಕೈ ಮಡಿಕೆ ನೋಡಿದ್ಯಾ? ಕೆನ್ನೆ?"

ನೋಡಿರಲಿಲ್ಲ. ಕೆನ್ನೆ ಕೆಂಪಗಿದ್ದದ್ದು ನೆನಪಿತ್ತು, ಮುದ್ದಾಗಿದೆ ಎಂದುಕೊಂಡಿದ್ದೆ.

"ಬಟ್ಟೆ ಕೊಡೋಕೆ ಹೋದಾಗ ನೋಡಿದೀನಿ, ಅದು ಇಸಬು. ಅಂಥ ಮಗೂಗೆ ಈ ಲಸಿಕೆ ಎದ್ರೆ ಒಂದು ಗುಳ್ಳೆಗೆ ನಿಲ್ಲಲ್ಲ, ಚರ್ಮ ಒಡೆದಿರೋ ಕಡೆಯೆಲ್ಲ ಹಬ್ಬತ್ತೆ. ಮನೇಲಿ ಇನ್ನೊಬ್ಬರಿಗೆ ಹಾಕಿದ್ರೂ ಅವರ ಗುಳ್ಳೆಯಿಂದ ಇದಕ್ಕೆ ಅಂಟತ್ತೆ." ಅವರು ಪುಸ್ತಕ ಮುಚ್ಚಿಟ್ಟರು. "ನಾನು ಸೇರಿದ ಎರಡನೇ ವರ್ಷ ಒಂದು ಮಗು ಹಾಗೆ ಹೋಯ್ತು. ಕೇಳದೇ ಹಾಕಿದ್ದೆ. ಆವತ್ತಿಂದ ಕೇಳ್ತೀನಿ."

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ತಿರುಗಿ ಬೈಯಲಾದರೂ ಆಗುತ್ತಿತ್ತು.

"ನಿನ್ನ ಒಂದು ತಪ್ಪು ಇನ್ನೊಂದು ತಪ್ಪಿನಿಂದ ಆ ಮಗೂನ ಉಳಿಸ್ತು," ಎಂದರು. "ಈಗ ಏಳು. ಕೆಲಸ ಇದೆ."

ಕಚೇರಿಯ ಡಾಕ್ಟರು ಒಳ್ಳೆಯವರು, ಗಲಾಟೆಯೆಂದರೆ ಮಾತ್ರ ಹೆದರುವವರು. "ಎರಡನೇ ಡೋಸ್ ಅಂತ ಹೇಳಿ ಹಾಕಿಬಿಡಿ, ಯಾರಿಗೂ ಏನೂ ಗೊತ್ತಾಗೋದು ಬೇಡ," ಎಂದರು. ನನಗೂ ಅದೇ ಬೇಕಾಗಿತ್ತು. ಹೂಗೈ ಎಂಬ ಹೆಸರು ಉಳಿಯುತ್ತಿತ್ತು.

ಲಾಂಡ್ರಿಗೆ ಹೋದೆ. ಅವಳು ಒಪ್ಪಿದರೆ ಬೀದಿ ಒಪ್ಪಿದಂತೆ ಎಂದು ನನಗೆ ಗೊತ್ತಿತ್ತು. ಒಳಗೆ ಹಬೆ ತುಂಬಿತ್ತು. ಉದ್ದ ಮೇಜಿನ ಮೇಲೆ ಹೋಟೆಲ್ಲಿನ ದುಪ್ಪಟಿ ಹರಡಿ ಅವಳು ಇಸ್ತ್ರಿ ಮಾಡುತ್ತಿದ್ದಳು. ಮೂಲೆಯ ಬಟ್ಟೆಬುಟ್ಟಿಯಲ್ಲಿ ದಿಂಬಿನ ಚೀಲಗಳ ಮೇಲೆ ಹತ್ತು ತಿಂಗಳ ಮಗು ಕೂತಿತ್ತು. ಈ ಸಲ ನೋಡಿದೆ. ಮೊಣಕೈ ಮಡಿಕೆಯಲ್ಲಿ ಕೆಂಪಗೆ ಒಡೆದ ಚರ್ಮ, ಕಿವಿಯ ಹಿಂದೆ ಹೊಪ್ಪಳೆ.

"ದೊಡ್ಡವಳಿಗೆ ಎರಡನೇ ಡೋಸ್ ಹಾಕ್ಬೇಕು ಅಕ್ಕ," ಎಂದೆ.

ಅವಳು ನಕ್ಕುಬಿಟ್ಟಳು. "ಬೇರೆಯವರ ಕೈಯಾದ್ರೆ ಎರಡು ಬೇಕೇನೋ ಸಿಸ್ಟರ್. ನಿಮ್ಮ ಕೈಯಲ್ಲಿ ಒಂದೇ ಸಾಕು. ಶಾಲೆ ಬೇರೆ ಶುರುವಾಗಿದೆ, ಮುಂದಿನ ವರ್ಷ ನೋಡೋಣ ಬಿಡಿ."

ಹಾಗೆಂದು ಇಸ್ತ್ರಿಯನ್ನು ಮತ್ತೆ ದುಪ್ಪಟಿಯ ಮೇಲೆ ಓಡಿಸಿದಳು. ನಾನೇ ಬೆಳೆಸಿದ ನಂಬಿಕೆ ನನ್ನೆದುರು ಗೋಡೆಯಾಗಿ ನಿಂತಿತ್ತು. ಇನ್ನೂರು ಮನೆಯಲ್ಲೂ ಇದೇ ಉತ್ತರ ಬರುತ್ತದೆ ಎಂದು ಆ ಕ್ಷಣದಲ್ಲೇ ತಿಳಿಯಿತು. ಎರಡು ನಿಲ್ದಾಣದಾಚೆ ಇರುವ ರೋಗ ಮುಂದಿನ ವರ್ಷಕ್ಕೆ ಕಾಯುವುದಿಲ್ಲ. ಹೇಳಿಬಿಟ್ಟೆ.

"ಅಕ್ಕ, ಎರಡನೇ ಡೋಸ್ ಅಂದಿದ್ದು ಸುಳ್ಳು. ನಾನು ಹಾಕಿದ್ದು ಯಾವ ಮಗೂಗೂ ಎದ್ದಿಲ್ಲ. ತಪ್ಪು ನಂದೇ. ಸ್ಪಿರಿಟ್ಟು ಹಚ್ಚಿ ಮದ್ದನ್ನ ಕೆಡಿಸಿದೆ. ಜ್ವರ ಬರದೇ ಇದ್ದಿದ್ದು ಕೈಗುಣದಿಂದ ಅಲ್ಲ."

ಅವಳು ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿದಳು.

"ಅಂದ್ರೆ ನನ್ನ ಮಕ್ಕಳು ಮೂರು ತಿಂಗಳಿಂದ ಬರಿಗೈಲಿ ಓಡಾಡ್ತಾ ಇದಾರೆ."

"ಹೌದು."

"ನಾನು ಎಷ್ಟು ಜನಕ್ಕೆ ಹೇಳಿದೀನಿ ಗೊತ್ತಾ ನಿಮ್ಮ ಹತ್ರ ಹೋಗಿ ಅಂತ? ಅವರ ಮುಖ ನಾನು ಹೇಗೆ ನೋಡ್ಲಿ?"

ಚಿಕ್ಕದಕ್ಕೆ ಇಸಬು ಇರುವುದರಿಂದ ಈಗ ಹಾಕುವಂತಿಲ್ಲ, ದೊಡ್ಡವಳಿಗೆ ಹಾಕಿ ಹಕ್ಕಳೆ ಉದುರುವ ತನಕ ಅವಳು ಈ ಮಗುವಿನ ಹತ್ತಿರ ಸುಳಿಯಬಾರದು ಎಂದು ವಿವರಿಸಿದೆ. ಅವಳು ಕಣ್ಣು ಕಿರಿದು ಮಾಡಿದಳು.

"ಇಸಬು ಇದ್ರೆ ಹಾಕಬಾರದು ಅಂತೀರಿ. ಆವತ್ತು ಹಾಕಿದ್ರಲ್ಲ?"

"ಅದೂ ತಪ್ಪೇ."

ಅಷ್ಟೇ ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ. ಅದನ್ನೂ ಹೇಳಿಬಿಟ್ಟರೆ ಬಾಗಿಲು ಮುಚ್ಚಿಬಿಡುತ್ತಾಳೆ, ಬೀದಿಯ ಮಕ್ಕಳೆಲ್ಲ ಹೊರಗೇ ಉಳಿಯುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅರ್ಧ ನಿಜ ಅದು. ಇನ್ನರ್ಧ ಬರೀ ಭಯ.

"ಮೊದಲು ನಿಮ್ಮ ಮಗಳಿಗೆ ಹಾಕಿ," ಎಂದಳು ಅವಳು. "ಹೊರಗೆ, ಎಲ್ಲರ ಮುಂದೆ. ಗುಳ್ಳೆ ಏಳಲಿ. ಆಮೇಲೆ ಮಾತು."

ಆ ಸಂಜೆಯೇ ನಮ್ಮ ಮೆಟ್ಟಿಲ ಮೇಲೆ ಗುಬ್ಬಿಯನ್ನು ಕೂರಿಸಿಕೊಂಡೆ. ಬೀದಿಯ ತಾಯಂದಿರು ಸುತ್ತ ಕೈ ಕಟ್ಟಿ ನಿಂತಿದ್ದರು. ತೋಳನ್ನು ಬರೀ ನೀರಿನಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿದೆ. ಸೂಜಿಯನ್ನು ನೆಟ್ಟಗೆ ಹಿಡಿದು ಹದಿನೈದು ಸಲ ಬಲವಾಗಿ ಚುಚ್ಚಿದೆ. ಸಣ್ಣಗೆ ರಕ್ತ ಮೂಡಿತು. ಗುಬ್ಬಿ ಎರಡು ಬೀದಿಗೆ ಕೇಳುವಂತೆ ಕಿರುಚಿ, "ಅಮ್ಮ, ನೀನೂ ಕೊಡಲಿ!" ಎಂದಳು. ಯಾರೋ ಕಿಸಕ್ಕನೆ ನಕ್ಕರು. ಹೂಗೈಯ ಕಥೆ ಅಲ್ಲಿಗೆ ಮುಗಿಯಿತು.

ಆಮೇಲಿನ ದಿನಗಳಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ತೋಳನ್ನೇ ಕಾದೆ. ಎರಡು ದಿನ ಏನೂ ಇಲ್ಲ. ನನಗೆ ಅನ್ನ ಇಳಿಯಲಿಲ್ಲ. ನಾಲ್ಕನೆಯ ದಿನ ಒಂದು ಕೆಂಪು ಗಂಟು. ಆರನೆಯ ದಿನಕ್ಕೆ ಅದು ನಡುವೆ ತಗ್ಗಿದ, ಮುತ್ತಿನ ಬಣ್ಣದ ಗುಳ್ಳೆಯಾಯಿತು. ಏಳನೆಯ ದಿನ ಮಧ್ಯಾಹ್ನ ಗುಬ್ಬಿಯ ಮೈ ಕಾದ ಹೆಂಚಾಗಿತ್ತು, ಕಂಕುಳಲ್ಲಿ ಗಂಟು. ಮಗಳಿಗೆ ಜ್ವರ ಬಂತೆಂದು ಕುಣಿಯಬೇಕೆನ್ನಿಸಿದ ತಾಯಿ ನಾನೊಬ್ಬಳೇ ಇರಬೇಕು. ಕುಣಿಯುವುದರ ಬದಲು ಅವಳ ಪಕ್ಕದಲ್ಲಿ ಕೂತು ಅತ್ತುಬಿಟ್ಟೆ. ಮೂರು ತಿಂಗಳು ನಾನು ಹೆಮ್ಮೆಪಟ್ಟದ್ದು ಈ ಜ್ವರ ಬಾರದಿದ್ದುದಕ್ಕೆ.

ತಾಯಂದಿರು ಮೆಟ್ಟಿಲು ಹತ್ತಿ ಬಂದು, ಬಾಗಿಲಲ್ಲೇ ನಿಂತು, ಹುಟ್ಟಿದ ಕೂಸನ್ನು ನೋಡುವ ಹಾಗೆ ಗುಬ್ಬಿಯ ತೋಳು ನೋಡಿ ಹೋದರು. ಗುಬ್ಬಿ ಜ್ವರದಲ್ಲೂ ದರ್ಬಾರು ನಡೆಸಿದಳು. ಕೊನೆಗೆ ಲಾಂಡ್ರಿಯಾಕೆ ಮಗುವನ್ನು ಅತ್ತಿಗೆಯ ಬಳಿ ಬಿಟ್ಟು ಬಂದಳು. ಬಗ್ಗಿ ನೋಡಿ, ತಲೆಯಾಡಿಸಿದಳು.

"ನಾಳೆ ಬೆಳಿಗ್ಗೆ ಎಲ್ಲರನ್ನೂ ಕರ್ಕೊಂಡು ಬರ್ತೀನಿ. ದೊಡ್ಡವಳನ್ನ ಎಲ್ಲಿ ಇರಿಸ್ಲಿ, ಅದು ಹೇಳಿ. ನಮಗೆ ಇರೋದೇ ಒಂದು ಕೋಣೆ."

"ನಮ್ಮ ಮನೇಲಿ. ಗುಬ್ಬಿ ಜೊತೆ."

ಮರುದಿನ ಕಚೇರಿಯ ಬಾಗಿಲಿನಿಂದ ಬೀದಿಯವರೆಗೆ ಸಾಲು. ಕೊಡಲಿಯವರೂ ನಾನೂ ಒಂದೇ ಮೇಜಿನಲ್ಲಿ ಕೂತೆವು. ಅವರು ಕೇಳುತ್ತಿದ್ದರು, ನಾನು ಚುಚ್ಚುತ್ತಿದ್ದೆ. ಎಲ್ಲರೂ ಸುಮ್ಮನೆ ತೋಳು ಕೊಟ್ಟರು ಎಂದೇನಿಲ್ಲ. ಒಬ್ಬಳು ನನ್ನನ್ನು ಬಾಯಿಗೆ ಬಂದಂತೆ ಬೈದು ಆಮೇಲೆ ಮಗುವನ್ನು ಮುಂದೆ ತಳ್ಳಿದಳು. ಐದು ದಿನದಲ್ಲಿ, ಊರು ಬಿಟ್ಟುಹೋಗಿದ್ದ ಎರಡು ಮನೆ ಮತ್ತು ಆ ಚಿಕ್ಕ ಮಗುವನ್ನು ಬಿಟ್ಟು, ಎಲ್ಲರಿಗೂ ಹಾಕಿ ಮುಗಿಸಿದೆವು. ಏಳನೆಯ ದಿನದ ತಪಾಸಣೆಗೆ ನಾನೇ ಮನೆಮನೆ ಸುತ್ತಿದೆ. ಒಬ್ಬ ಹುಡುಗಿ ಗುಳ್ಳೆ ಕೆರೆದ ಕೈಯಲ್ಲಿ ಕಣ್ಣು ಉಜ್ಜಿಕೊಂಡು ರೆಪ್ಪೆಯ ಮೇಲೂ ಗುಳ್ಳೆ ಎಬ್ಬಿಸಿಕೊಂಡಳು, ಹತ್ತು ದಿನ ದಿನಕ್ಕೆರಡು ಸಲ ಹೋಗಿ ನೋಡಿದೆ. ಕಣ್ಣು ಉಳಿಯಿತು. ಸಿಡುಬು ಆ ತಿಂಗಳು ನಿಲ್ದಾಣದ ಪಕ್ಕದ ಬೀದಿಗೆ ಬಂತು, ಇಬ್ಬರಿಗೆ. ನಮ್ಮ ಬೀದಿಗೆ ಬರಲಿಲ್ಲ.

ಲಾಂಡ್ರಿಯ ದೊಡ್ಡವಳು ನಮ್ಮ ಮನೆಯಲ್ಲಿ ಮೂರು ವಾರ ಇದ್ದಳು. ಗುಬ್ಬಿಯೂ ಅವಳೂ ಹಕ್ಕಳೆ ಹೋಲಿಸಿಕೊಂಡು, ನಂದು ದೊಡ್ಡದು ನಂದು ದೊಡ್ಡದು ಎಂದು ಜಗಳವಾಡುತ್ತಿದ್ದರು. ಸಂಜೆ ಹೊತ್ತು ತಾಯಿ ಎದುರು ಬಾಗಿಲಲ್ಲಿ ಚಿಕ್ಕದನ್ನು ಎತ್ತಿ ತೋರಿಸುತ್ತಿದ್ದಳು. ದೊಡ್ಡವಳು ಕಿಟಕಿಯಿಂದ ಕೈ ಬೀಸುತ್ತಿದ್ದಳು. ಅದು ನಗುತ್ತಿತ್ತು. ನಾನು ಒಳಗೆ ಹೋಗಿಬಿಡುತ್ತಿದ್ದೆ. ಆ ಮಗುವಿನ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ.

ಹಕ್ಕಳೆ ಉದುರಿತು. ಅದನ್ನು ಸುಟ್ಟು, ಅಡಿಯಲ್ಲಿ ಒಳ್ಳೆಯ ಚರ್ಮ ಮೂಡಿದೆಯೇ ಎಂದು ಕೊಡಲಿಯವರಿಗೂ ತೋರಿಸಿ, ಹುಡುಗಿಯನ್ನು ಸ್ನಾನ ಮಾಡಿಸಿ ಒಗೆದ ಬಟ್ಟೆ ತೊಡಿಸಿ ಎದುರು ಮನೆಗೆ ಕರೆದುಕೊಂಡು ಹೋದೆ. ತಾಯಿ ಅವಳ ತೋಳಿನ ಗುಲಾಬಿ ಬಣ್ಣದ ಕಲೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ಹುಡುಗಿ ಆಟಕ್ಕೆ ಓಡಿದಳು. ಚಿಕ್ಕದು ತಾಯಿಯ ಸೊಂಟದ ಮೇಲಿತ್ತು.

"ಒಂದು ಮಾತು ಕೇಳ್ತೀನಿ ಸಿಸ್ಟರ್. ಮೂರು ವಾರ ಅಕ್ಕನ್ನ ತಮ್ಮನ ಹತ್ರ ಬಿಡಲಿಲ್ಲ ನೀವು. ಅಷ್ಟೊಂದು ಅಪಾಯ ಇದ್ರೆ, ಆವತ್ತು ಇವನಿಗೇ ಹಾಕಿದ್ದು ಎದ್ದಿದ್ರೆ?"

ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ನಾಲ್ಕು ವಾರದಿಂದ ಮಲಗಿದಾಗ ಎದ್ದಾಗ ಅದಕ್ಕೆ ಉತ್ತರ ಕಟ್ಟಿಕೊಂಡಿದ್ದೆ. ಒಂದೂ ನೆನಪಿಗೆ ಬರಲಿಲ್ಲ.

"ಇವನು ಉಳೀತಿದ್ದ ಅಂತ ಹೇಳೋಕಾಗಲ್ಲ ಅಕ್ಕ," ಎಂದೆ. "ಇಸಬು ಇದೆಯಾ ಅಂತ ನಾನು ಕೇಳ್ಬೇಕಿತ್ತು. ಕೇಳಲಿಲ್ಲ. ಆವತ್ತು ನಿಮಗೆ ಇದನ್ನ ಹೇಳೋಕೂ ಆಗಲಿಲ್ಲ, ಹೆದರಿದೆ."

ಮಗು ಅವಳ ಕತ್ತಿನ ಮಣಿಸರವನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು, ಅವಳು ಬಿಡಿಸುತ್ತಿದ್ದಳು, ಅದು ಮತ್ತೆ ಹಾಕಿಕೊಳ್ಳುತ್ತಿತ್ತು. ಅವಳು ಅತ್ತಿದ್ದರೆ, ನನ್ನ ಕೆನ್ನೆಗೆ ಬಾರಿಸಿದ್ದರೆ, ನಾನು ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಹಿಂದಿನ ಒಲೆಯ ಮೇಲೆ ಇಸ್ತ್ರಿ ಕಾಯುತ್ತಿತ್ತು. ಹೋಟೆಲ್ಲಿನ ದುಪ್ಪಟಿಗಳು ಮೇಜಿನ ಮೇಲೆ ಎದೆಯೆತ್ತರಕ್ಕೆ ಬಿದ್ದಿದ್ದವು.

ಕೊನೆಗೆ ಅವಳು ಸೊಂಟದಿಂದ ಮಗುವನ್ನು ಇಳಿಸಿ ನನ್ನ ಕಡೆ ಚಾಚಿದಳು.

"ಎತ್ಕೊಳ್ಳಿ ಸ್ವಲ್ಪ. ಇಷ್ಟು ಬಟ್ಟೆ ಇವತ್ತೇ ಮುಗೀಬೇಕು."

ನನ್ನ ಕೈ ಮುಂದೆ ಬರಲಿಲ್ಲ. "ಕೈ ತೊಳ್ಕೊಂಡು ಬರ್ತೀನಿ," ಎಂದೆ.

"ತೊಳ್ಕೊಳ್ಳಿ. ನೀರು ಅಲ್ಲಿದೆ, ಸೋಪು ಅಲ್ಲಿದೆ."

ಮೊಣಕೈವರೆಗೆ ಎರಡು ಸಲ ತೊಳೆದೆ. ಆಪರೇಷನ್ ಕೋಣೆಯಲ್ಲೂ ಅಷ್ಟು ಚೆನ್ನಾಗಿ ತೊಳೆದಿರಲಾರೆ. ಒರೆಸಿಕೊಂಡು ಬಂದು ಮಗುವನ್ನು ಎತ್ತಿಕೊಂಡೆ. ಅಂದುಕೊಂಡಿದ್ದಕ್ಕಿಂತ ಭಾರವಿತ್ತು. ಒರಟು ಕೆನ್ನೆಯನ್ನು ಅದು ನನ್ನ ಭುಜಕ್ಕೆ ಒಂದೆರಡು ಸಲ ತಿಕ್ಕಿ, ಅಲ್ಲೇ ನಿದ್ದೆಹೋಯಿತು. ಅವಳು ಕೊನೆಯ ದುಪ್ಪಟಿ ಮಡಿಸುವ ತನಕ ನಾನು ನಿಂತೇ ಇದ್ದೆ.